ಎಂಟು ಮಂದಿಯ ಆಚೆಗೆ: ಅಮೆರಿಕದ ಶಾಸನಸಭೆಯಲ್ಲಿ ಮೊದಲಿಗರ ಧೈರ್ಯ

ರಾಜಕೀಯ ಧೈರ್ಯವನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಬಂದ ಇಂಗ್ಲಿಷ್ ಗ್ರಂಥಗಳಲ್ಲಿ ಜಾನ್ ಎಫ್. ಕೆನಡಿಯವರ ‘ಪ್ರೊಫೈಲ್ಸ್ ಇನ್ ಕರೇಜ್’ನಷ್ಟು ಪ್ರಸಿದ್ಧಿಯನ್ನು ಪಡೆದದ್ದು ಬಹುಶಃ ಇನ್ನೊಂದಿಲ್ಲ. 1956ರ ಜನವರಿಯಲ್ಲಿ ಅದು ಪ್ರಕಟವಾದಾಗ ಕೆನಡಿ ಇನ್ನೂ ಅಧ್ಯಕ್ಷರಾಗಿರಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ತರುಣ ಸೆನೆಟರ್ ಆಗಿದ್ದರು. ಬೆನ್ನಿನ ಶಸ್ತ್ರಚಿಕಿತ್ಸೆಯ ತರುವಾಯ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಈ ಗ್ರಂಥದ ಕೆಲಸ ಸಾಗಿತು. ಅದರ ರಚನೆಯಲ್ಲಿ ಅವರ ಸಹಾಯಕ ಥಿಯೊಡೋರ್ ಸೊರೆನ್‌ಸನ್ ಅವರ ಪಾಲು ಎಷ್ಟು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 1957ರಲ್ಲಿ ಜೀವನಚರಿತ್ರೆಯ ವಿಭಾಗದ ಪುಲಿಟ್ಜರ್ ಪ್ರಶಸ್ತಿ ಅದಕ್ಕೆ ಸಂದಿತು. ಜಾನ್ ಕ್ವಿನ್ಸಿ ಆಡಮ್ಸ್, ಡೇನಿಯಲ್ ವೆಬ್‌ಸ್ಟರ್, ಥಾಮಸ್ ಹಾರ್ಟ್ ಬೆಂಟನ್, ಸ್ಯಾಮ್ ಹ್ಯೂಸ್ಟನ್, ಎಡ್ಮಂಡ್ ರಾಸ್, ಲೂಷಿಯಸ್ ಲಮಾರ್, ಜಾರ್ಜ್ ನಾರಿಸ್, ರಾಬರ್ಟ್ ಟ್ಯಾಫ್ಟ್ ಎಂಬ ಎಂಟು ಮಂದಿ ಸೆನೆಟರುಗಳ ಕಥೆಗಳು ಅಲ್ಲಿವೆ. ಎಂಟು ಮಂದಿಯೂ ಪುರುಷರು. ಎಂಟು ಮಂದಿಯೂ ಬಿಳಿಯರು.

ಇದನ್ನು ಬರಿಯ ಎಣಿಕೆಯ ದೂರಾಗಿ ಎತ್ತಿದರೆ ಅದು ಅಗ್ಗದ ಟೀಕೆಯಾದೀತು. ಗ್ರಂಥಕರ್ತರು ತಮ್ಮ ವಸ್ತುವನ್ನು ಸೆನೆಟಿಗೆ ಸೀಮಿತಗೊಳಿಸಿಕೊಂಡಿದ್ದರು. ಆರಿಸಿಕೊಂಡವರೆಲ್ಲರೂ ಆ ವೇಳೆಗೆ ತೀರಿಹೋದವರು. ಆದ್ದರಿಂದ ಕೆಲವರು ಸಹಜವಾಗಿಯೇ ಹೊರಗುಳಿದರು. ನಿಜವಾದ ತೊಡಕು ಇರುವುದು ಹೆಸರುಗಳ ಪಟ್ಟಿಯಲ್ಲಿ ಅಲ್ಲ, ಧೈರ್ಯದ ಲಕ್ಷಣದಲ್ಲಿ. ಕೆನಡಿಯವರ ಪ್ರಕಾರ ಶಾಸನಕಾರನನ್ನು ಅಂತಃಸಾಕ್ಷಿಯಿಂದ ಕದಲಿಸುವ ಒತ್ತಡಗಳು ಮೂರು: ಸಹೋದ್ಯೋಗಿಗಳಿಗೆ ಪ್ರಿಯನಾಗಿರಬೇಕೆಂಬ ಆಸೆ, ಮತ್ತೆ ಆಯ್ಕೆಯಾಗಬೇಕೆಂಬ ಆಸೆ, ತನ್ನನ್ನು ಕಳುಹಿಸಿದ ಮತದಾರರ ಒತ್ತಾಯ. ಇವನ್ನು ಮೀರಿ ನಿಂತವನು ಧೀರ. ಲಕ್ಷಣವೇನೋ ಅಚ್ಚುಕಟ್ಟಾಗಿದೆ. ಆದರೆ ಅದು ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಟ್ಟಿದೆ: ಆ ಮನುಷ್ಯನ ಆಸನ ಅವನದೇ, ಅವನು ಸೋತರೆ ಸೋಲುವುದು ಅವನೊಬ್ಬನೇ. ಸಭಾಂಗಣಕ್ಕೆ ಮೊದಲ ಬಾರಿಗೆ ಕಾಲಿಟ್ಟವರಿಗೆ, ಮೊದಲ ಕಪ್ಪು ಸದಸ್ಯನಿಗಾಗಲಿ ಮೊದಲ ಮಹಿಳೆಗಾಗಲಿ, ಈ ಮಾತು ಅನ್ವಯಿಸುವುದೇ ಇಲ್ಲ. ಅವರ ಆಸನವೇ ಪ್ರಶ್ನಾರ್ಹವೆಂದು ಸಭೆ ಭಾವಿಸಿರುತ್ತದೆ. ಅವರು ಎಡವಿದರೆ ಹಿಂದೆ ಬರಬೇಕಾದವರ ಬಾಗಿಲು ಮುಚ್ಚೀತೆಂಬ ಅಂಜಿಕೆ ಅವರವರಲ್ಲೇ ಇರುತ್ತದೆ. ಕೆನಡಿಯವರ ಮೂರು ಒತ್ತಡಗಳ ಪಕ್ಕದಲ್ಲಿ ಇರಿಸಬೇಕಾದ ನಾಲ್ಕನೆಯದು ಇದು: ಸ್ವಜನರ ಒತ್ತಡ. ಹಗೆಯ ಎದುರು ನಿಲ್ಲುವುದಕ್ಕಿಂತ ಇದರ ಎದುರು ನಿಲ್ಲುವುದು ಕಷ್ಟ.

ಗ್ರಂಥದ ಲಮಾರ್ ಅಧ್ಯಾಯವನ್ನೇ ತೆಗೆದುಕೊಳ್ಳಬಹುದು. 1861ರಲ್ಲಿ ಮಿಸಿಸಿಪಿ ರಾಜ್ಯವು ಒಕ್ಕೂಟದಿಂದ ಬೇರ್ಪಡುವ ನಿರ್ಣಯದ ಕರಡನ್ನು ಬರೆದವರು ಲಮಾರ್. ಅಂತರ್ಯುದ್ಧದ ನಂತರ 1874ರಲ್ಲಿ, ದಕ್ಷಿಣದವರ ಕಡುವೈರಿಯೆನಿಸಿದ್ದ ಚಾರ್ಲ್ಸ್ ಸಮ್ನರ್ ತೀರಿಕೊಂಡಾಗ ಪ್ರತಿನಿಧಿ ಸಭೆಯಲ್ಲಿ ಅವರನ್ನು ಕೊಂಡಾಡಿ ಮಾತನಾಡಿದರು. 1878ರಲ್ಲಿ ಬೆಳ್ಳಿ ನಾಣ್ಯದ ಪ್ರಶ್ನೆಯಲ್ಲಿ ತಮ್ಮ ರಾಜ್ಯದ ಶಾಸನಸಭೆಯ ಆದೇಶವನ್ನು ಧಿಕ್ಕರಿಸಿ ಮತ ಹಾಕಿದರು. ಇವು ಸಣ್ಣ ಸಂಗತಿಗಳಲ್ಲ. ಆದರೆ 1875ರ ಮಿಸಿಸಿಪಿ ಚುನಾವಣೆಯನ್ನು ಬಂದೂಕಿನ ಬೆದರಿಕೆಯಿಂದ ಗೆದ್ದ ಪಕ್ಷದ ಪ್ರಮುಖ ಮುಂದಾಳುಗಳಲ್ಲಿ ಅವರೂ ಒಬ್ಬರು. ಆ ಗೆಲುವಿನ ಬೆಲೆ ತೆತ್ತವರು ಆಗತಾನೇ ದಾಸ್ಯದಿಂದ ಬಿಡುಗಡೆ ಹೊಂದಿ ಮತದಾನದ ಹಕ್ಕು ಪಡೆದಿದ್ದ ಕಪ್ಪು ಜನ. ಈ ಕಾಲವನ್ನು ಕೆನಡಿಯವರ ಗ್ರಂಥ ನೋಡಿದ್ದು ಕ್ಲಾಡ್ ಬೋವರ್ಸ್ ಅವರ 1929ರ ‘ದಿ ಟ್ರಾಜಿಕ್ ಎರಾ’ದಂಥ ಪುಸ್ತಕಗಳ ಕಣ್ಣಿನಿಂದ. ಅಲ್ಲಿ ಪುನಾರಚನೆಯ ಆಡಳಿತವೆಂದರೆ ದಕ್ಷಿಣದ ಬಿಳಿಯರ ಮೇಲಿನ ದಬ್ಬಾಳಿಕೆ. ಡಬ್ಲ್ಯೂ. ಇ. ಬಿ. ಡುಬಾಯ್ಸ್ ಅವರ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ 1935ರಲ್ಲೇ ಬಂದು, ಅದೇ ಕಾಲವನ್ನು ಪ್ರಜಾಸತ್ತೆಯ ಪ್ರಯೋಗವಾಗಿ ಓದಿ ತೋರಿಸಿತ್ತು. ಆ ದಾರಿಯನ್ನು ಗ್ರಂಥ ಹಿಡಿಯಲಿಲ್ಲ.

ಲಮಾರ್ ಸೆನೆಟಿನಲ್ಲಿ ಕುಳಿತ 1877ರಿಂದ 1881ರವರೆಗಿನ ನಾಲ್ಕು ವರ್ಷ ಮಿಸಿಸಿಪಿಯ ಇನ್ನೊಬ್ಬ ಸೆನೆಟರ್ ಯಾರು? ಬ್ಲಾಂಚ್ ಕೆ. ಬ್ರೂಸ್. ವರ್ಜೀನಿಯಾದಲ್ಲಿ ದಾಸರಾಗಿ ಹುಟ್ಟಿದವರು. 1876ರ ಮಾರ್ಚಿನಲ್ಲಿ, ಮೇಲೆ ಹೇಳಿದ ಚುನಾವಣೆಯ ಹಿಂಸಾಚಾರದ ತನಿಖೆಯಾಗಬೇಕೆಂದು ಸೆನೆಟಿನಲ್ಲಿ ವಾದಿಸಿದವರು. ಆ ಮಾತುಗಳನ್ನಾಡಿ ಮಿಸಿಸಿಪಿಗೆ ಹಿಂದಿರುಗುವುದೆಂದರೆ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದೇ ರಾಜ್ಯದ, ಒಂದೇ ಸಭೆಯ ಇಬ್ಬರು ಸೆನೆಟರುಗಳು. ಒಬ್ಬರಿಗೆ ಅಧ್ಯಾಯ, ಇನ್ನೊಬ್ಬರಿಗೆ ಮೌನ. ಬ್ರೂಸ್ ಸೆನೆಟರೂ ಹೌದು, ಗ್ರಂಥ ಬರುವ ಎಷ್ಟೋ ಮೊದಲೇ ತೀರಿಕೊಂಡವರೂ ಹೌದು. ಇಲ್ಲಿ ಸೀಮಿತ ವಸ್ತುವಿನ ನೆಪ ಸಾಲದು.

ಬ್ರೂಸ್ ಅವರಿಗಿಂತ ಮೊದಲು ಅದೇ ರಾಜ್ಯದಿಂದ ಬಂದ ಹೈರಮ್ ರೆವೆಲ್ಸ್ ಸೆನೆಟಿನ ಮೊತ್ತಮೊದಲ ಕಪ್ಪು ಸದಸ್ಯರು. ಅವರನ್ನು ಒಳಗೆ ಬಿಡಬಾರದೆಂದು ವಿರೋಧಿಗಳು ಹೂಡಿದ ವಾದ ತರ್ಕಶಾಸ್ತ್ರದ ವಿಚಿತ್ರ ಉದಾಹರಣೆಯಂತಿದೆ. ಸೆನೆಟರ್ ಆಗುವವನು ಒಂಬತ್ತು ವರ್ಷ ಪ್ರಜೆಯಾಗಿರಬೇಕು. 1857ರ ಡ್ರೆಡ್ ಸ್ಕಾಟ್ ತೀರ್ಪಿನ ಪ್ರಕಾರ ಕಪ್ಪು ಮನುಷ್ಯ ಪ್ರಜೆಯೇ ಅಲ್ಲ. 1868ರ ಹದಿನಾಲ್ಕನೆಯ ತಿದ್ದುಪಡಿ ಅವನನ್ನು ಪ್ರಜೆಯಾಗಿಸಿತು. ಆದ್ದರಿಂದ ರೆವೆಲ್ಸ್ ಪ್ರಜೆಯಾಗಿ ಎರಡೇ ವರ್ಷ! ಅವರು ಹುಟ್ಟಿನಿಂದಲೇ ಸ್ವತಂತ್ರರಾಗಿದ್ದವರು ಎಂಬುದು ವಾದಿಗಳಿಗೆ ಅಡ್ಡಿಯಾಗಲಿಲ್ಲ. 1870ರ ಫೆಬ್ರವರಿ 25ರಂದು 48ಕ್ಕೆ 8 ಮತಗಳಿಂದ ಸೆನೆಟ್ ಅವರನ್ನು ಸ್ವೀಕರಿಸಿತು. ತಾನು ಕೂರಬಹುದೇ ಎಂಬ ಚರ್ಚೆ ಮುಗಿಯುವವರೆಗೆ ಹೊರಗಿನವನಾಗಿಯೇ ಕಾದಿದ್ದು ಅನಂತರ ಪ್ರಮಾಣ ಸ್ವೀಕರಿಸಬೇಕಾದ ಪರಿಸ್ಥಿತಿ ಎಂಟು ಮಂದಿಯಲ್ಲಿ ಒಬ್ಬರಿಗೂ ಒದಗಿರಲಿಲ್ಲ.

ಈ ಸಾಲಿನ ಕೊನೆಯಲ್ಲಿ ನಿಲ್ಲುವವರು ಜಾರ್ಜ್ ಹೆನ್ರಿ ವೈಟ್. ಉತ್ತರ ಕ್ಯಾರೊಲೈನಾದಿಂದ 1897ರಲ್ಲಿ ಪ್ರತಿನಿಧಿ ಸಭೆಗೆ ಬಂದ ಇವರು ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಆಗ ಉಳಿದಿದ್ದ ಏಕೈಕ ಕಪ್ಪು ಸದಸ್ಯರು. 1898ರಲ್ಲಿ ಅವರ ರಾಜ್ಯದ ವಿಲ್ಮಿಂಗ್ಟನ್ ನಗರದಲ್ಲಿ ಶಸ್ತ್ರಧಾರಿ ಬಿಳಿಯರ ಗುಂಪು ಚುನಾಯಿತ ಆಡಳಿತವನ್ನೇ ಉರುಳಿಸಿ ಕಪ್ಪು ನಾಗರಿಕರನ್ನು ಕೊಂದು ಓಡಿಸಿತು. 1900ರ ಜನವರಿಯಲ್ಲಿ ವೈಟ್, ಗುಂಪುಗೂಡಿ ಮನುಷ್ಯನನ್ನು ಕೊಲ್ಲುವುದನ್ನು ಒಕ್ಕೂಟದ ಕಾನೂನಿನಡಿ ಘೋರಾಪರಾಧವಾಗಿಸುವ ಮಸೂದೆಯನ್ನು ಮಂಡಿಸಿದರು. ಅದು ಸಮಿತಿಯಲ್ಲೇ ಸತ್ತಿತು. ಅದೇ ವರ್ಷ ಅವರ ರಾಜ್ಯ ಕಪ್ಪು ಜನರ ಮತದಾನದ ಹಕ್ಕನ್ನು ಕಿತ್ತುಕೊಳ್ಳುವ ತಿದ್ದುಪಡಿಯನ್ನು ಅಂಗೀಕರಿಸಿತು. ಮತ್ತೆ ಸ್ಪರ್ಧಿಸುವುದು ವ್ಯರ್ಥವೆಂದು ಅರಿತ ವೈಟ್ 1901ರ ಜನವರಿ 29ರಂದು ವಿದಾಯದ ಭಾಷಣ ಮಾಡಿದರು. ಸಭೆಯ ಮುಂದಿದ್ದ ವಿಷಯ ಕೃಷಿ ಇಲಾಖೆಯ ಹಣಕಾಸು. ಅದನ್ನು ಬದಿಗಿರಿಸಿ ತಮ್ಮ ಜನರ ಪರವಾಗಿ ಮಾತನಾಡಿದ ಅವರು, ಇದು ತಾತ್ಕಾಲಿಕ ವಿದಾಯವಷ್ಟೇ ಎಂದರು. ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿಯ ಹೋಲಿಕೆಯನ್ನು ಕೊಟ್ಟರು.

ಆ ‘ತಾತ್ಕಾಲಿಕ’ದ ಅಳತೆಯನ್ನು ನೋಡಬೇಕು. ಕಾಂಗ್ರೆಸ್ಸಿಗೆ ಮುಂದಿನ ಕಪ್ಪು ಸದಸ್ಯರು, ಷಿಕಾಗೋದ ಆಸ್ಕರ್ ಡಿ ಪ್ರೀಸ್ಟ್, ಬಂದದ್ದು 1929ರಲ್ಲಿ. ಉತ್ತರ ಕ್ಯಾರೊಲೈನಾ ಮತ್ತೆ ಒಬ್ಬ ಕಪ್ಪು ಪ್ರತಿನಿಧಿಯನ್ನು ಕಳುಹಿಸಿದ್ದು 1992ರ ಚುನಾವಣೆಯಲ್ಲಿ. ಗುಂಪುಹತ್ಯೆಯ ವಿರುದ್ಧ ಒಕ್ಕೂಟದ ಕಾನೂನು ಬಂದದ್ದು 2022ರ ಮಾರ್ಚ್ 29ರಂದು, ಎಮ್ಮೆಟ್ ಟಿಲ್ ಎಂಬ ಕೊಲೆಯಾದ ಬಾಲಕನ ಹೆಸರಿನಲ್ಲಿ. ವೈಟ್ ಅವರ ಮಸೂದೆಗೆ ಆಗ 122 ವರ್ಷ. ಚುನಾವಣೆಯಲ್ಲಿ ಸೋಲುವ ಅಪಾಯವನ್ನು ಎದುರಿಸಿದವನೇ ಧೀರನೆಂದು ಕೆನಡಿಯವರ ಲಕ್ಷಣ ಹೇಳುತ್ತದೆ. ವೈಟ್ ಅವರಿಗೆ ಸೋಲುವ ಅವಕಾಶವನ್ನೂ ಉಳಿಸಿರಲಿಲ್ಲ. ಅವರ ಮತದಾರರನ್ನೇ ಪಟ್ಟಿಯಿಂದ ಅಳಿಸಲಾಗುತ್ತಿತ್ತು.

ಸ್ವಜನರ ಒತ್ತಡವೆಂಬ ಮಾತಿಗೆ ಅತ್ಯಂತ ಸ್ಫುಟವಾದ ನಿದರ್ಶನ ಜೆನೆಟ್ ರಾಂಕಿನ್ ಅವರದು. ಮೊಂಟಾನಾದ ಮಿಸೂಲಾ ಊರಿನ ಸಮೀಪದಲ್ಲಿ 1880ರಲ್ಲಿ ಜನಿಸಿದ ಅವರು ಮಹಿಳೆಯರ ಮತದಾನದ ಹಕ್ಕಿಗಾಗಿ ಊರೂರು ಅಲೆದವರು. 1914ರಲ್ಲಿ ಮೊಂಟಾನಾ ಆ ಹಕ್ಕನ್ನು ನೀಡಿತು. ಎರಡು ವರ್ಷಗಳಲ್ಲಿ ಅದೇ ರಾಜ್ಯ ಅವರನ್ನು ರಿಪಬ್ಲಿಕನ್ ಪಕ್ಷದಿಂದ ಪ್ರತಿನಿಧಿ ಸಭೆಗೆ ಆರಿಸಿತು. ದೇಶದ ಬಹುಪಾಲು ಹೆಂಗಸರಿಗೆ ಇನ್ನೂ ಮತವೇ ಇರಲಿಲ್ಲ. 1917ರ ಏಪ್ರಿಲ್ 2ರಂದು ಕಾಂಗ್ರೆಸ್ಸಿನ ಮೊದಲ ಮಹಿಳೆಯಾಗಿ ಅವರು ಪ್ರಮಾಣವಚನ ಸ್ವೀಕರಿಸಿದಾಗ ಹೂಗುಚ್ಛಗಳಿದ್ದವು, ಚಪ್ಪಾಳೆಗಳಿದ್ದವು. ಅದೇ ಸಂಜೆ ಅಧ್ಯಕ್ಷ ವುಡ್ರೋ ವಿಲ್ಸನ್ ಸಭೆಗೆ ಬಂದು ಜರ್ಮನಿಯ ಮೇಲೆ ಯುದ್ಧ ಘೋಷಿಸುವಂತೆ ಕೇಳಿದರು.

ಮುಂದಿನ ನಾಲ್ಕು ದಿನ ಅವರ ಮೇಲೆ ಬಿದ್ದ ಒತ್ತಡ ಯುದ್ಧಪ್ರಿಯರದ್ದಷ್ಟೇ ಅಲ್ಲ. ಮತಹಕ್ಕು ಚಳವಳಿಯ ದೊಡ್ಡ ಸಂಘಟನೆ, ಕ್ಯಾರಿ ಚ್ಯಾಪ್‌ಮನ್ ಕ್ಯಾಟ್ ಅವರ ನಾಯಕತ್ವದಲ್ಲಿ, ಯುದ್ಧವಾದರೆ ಸರಕಾರಕ್ಕೆ ಬೆಂಬಲವೆಂದು ಆಗಲೇ ಮಾತು ಕೊಟ್ಟಿತ್ತು. ಮೊದಲ ಮಹಿಳೆಯೇ ‘ಬೇಡ’ ಎಂದರೆ ಹೆಂಗಸರು ರಾಜ್ಯಭಾರಕ್ಕೆ ತಕ್ಕವರಲ್ಲವೆಂಬ ಹಳೆಯ ಆಕ್ಷೇಪಕ್ಕೆ ಸಾಕ್ಷಿ ದೊರೆತಂತಾಗುತ್ತದೆ ಎಂಬುದು ಚಳವಳಿಯ ಅನೇಕರ ಭಯ. ಅವರ ಚುನಾವಣೆಯನ್ನು ನಡೆಸಿದ ತಮ್ಮ ವೆಲಿಂಗ್ಟನ್, ಗಂಡಸರು ಹಾಕುವಂಥ ಮತ ಹಾಕೆಂದು ಒತ್ತಾಯಿಸಿದರು. ಎಲ್ಲರೂ ಹಿತೈಷಿಗಳೇ. ಹಿತೈಷಿಗಳ ಮಾತಿನಲ್ಲಿ ತರ್ಕವಿತ್ತು ಎಂಬುದೇ ಕಷ್ಟದ ಸಂಗತಿ.

ಗುಡ್ ಫ್ರೈಡೇ ದಿನ, ಏಪ್ರಿಲ್ 6ರ ನಸುಕಿನ ಮೂರು ಗಂಟೆಯ ವೇಳೆಗೆ ಹೆಸರು ಕರೆದು ಮತ ಪಡೆಯುವ ಕ್ರಿಯೆ ಆರಂಭವಾಯಿತು. ಮೊದಲ ಸುತ್ತಿನಲ್ಲಿ ಅವರ ಹೆಸರು ಬಂದಾಗ ಅವರು ಸುಮ್ಮನಿದ್ದರು. ಹಳೆಯ ಸಭಾಧ್ಯಕ್ಷ ಜೋ ಕ್ಯಾನನ್ ಬಳಿಗೆ ಬಂದು, ಮತ ಹಾಕದೆ ಇರುವಂತಿಲ್ಲ, ದೇಶದ ಮಹಿಳೆಯರೆಲ್ಲರ ಪ್ರತಿನಿಧಿ ನೀವು ಎಂಬ ಅರ್ಥದ ಮಾತು ಹೇಳಿದರಂತೆ. ಎರಡನೆಯ ಸುತ್ತಿನಲ್ಲಿ ಅವರು ಎದ್ದುನಿಂತರು. ಮತ ಹೇಳುವಾಗ ವಿವರಣೆ ಕೂಡದೆಂಬುದು ಸಭೆಯ ಸಂಪ್ರದಾಯ. ಅದನ್ನು ಮುರಿದು, ದೇಶದ ಜೊತೆ ನಿಲ್ಲುವ ಆಸೆ ತಮಗಿದೆ, ಆದರೆ ಯುದ್ಧಕ್ಕೆ ಮತ ಕೊಡಲಾರೆ ಎಂದರು. 373ಕ್ಕೆ 50 ಮತಗಳಿಂದ ನಿರ್ಣಯ ಅಂಗೀಕೃತವಾಯಿತು.

ವಿರೋಧಿಸಿದವರು ಐವತ್ತು ಮಂದಿ. ಅವರಲ್ಲಿ ಬಹುಮತದ ಪಕ್ಷದ ನಾಯಕ ಕ್ಲಾಡ್ ಕಿಚಿನ್ ಕೂಡ ಒಬ್ಬರು. ಪತ್ರಿಕೆಗಳಿಗೆ ಕಂಡದ್ದು ಮಾತ್ರ ಒಬ್ಬರೇ. ಅವರು ಅತ್ತರೆ? ಬಿಕ್ಕಿದರೆ? ಮೂರ್ಛೆ ಹೋದರೆ? ವರದಿಗಾರರ ಕುತೂಹಲವೆಲ್ಲ ಇಲ್ಲಿಗೆ ಸೀಮಿತವಾಯಿತು. ನ್ಯೂಯಾರ್ಕಿನ ಫಿಯೊರೆಲ್ಲೊ ಲಾಗಾರ್ಡಿಯಾ ಯುದ್ಧದ ಪರವಾಗಿ ಮತ ಹಾಕಿದವರು. ರಾಂಕಿನ್ ಅತ್ತರೇ ಎಂದು ಅವರನ್ನು ಕೇಳಿದಾಗ, ತಮ್ಮ ಕಣ್ಣೇ ತುಂಬಿದ್ದರಿಂದ ತಮಗೆ ಕಾಣಿಸಲಿಲ್ಲವೆಂದರು. ಅಂದಿನ ವರದಿಗಳ ರಾಶಿಯಲ್ಲಿ ಇದಕ್ಕಿಂತ ಸಭ್ಯವಾದ ಉತ್ತರ ಸಿಗುವುದಿಲ್ಲ. ನಮ್ಮ ಅಲಂಕಾರಿಕರು ವೀರನನ್ನು ರಣರಂಗಕ್ಕೆ ಮಾತ್ರ ಸೇರಿಸಲಿಲ್ಲ. ವಿಶ್ವನಾಥನ ‘ಸಾಹಿತ್ಯದರ್ಪಣ’ ಯುದ್ಧವೀರನ ಜೊತೆಗೆ ದಾನವೀರ, ಧರ್ಮವೀರ, ದಯಾವೀರರನ್ನೂ ಹೇಳುತ್ತದೆ. ಕರುಣೆಯಿಂದ ಕಣ್ಣು ತುಂಬುವುದಕ್ಕೂ ಉತ್ಸಾಹವೆಂಬ ವೀರದ ಸ್ಥಾಯಿಗೂ ವೈರವಿಲ್ಲ ಎಂಬುದು ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಹೊಸ ಮಾತಲ್ಲ. 1917ರ ಪತ್ರಿಕೆಗಳಿಗೆ ಯುದ್ಧವೀರನ ಹೊರತು ಬೇರೆ ವೀರನ ಪರಿಚಯವಿರಲಿಲ್ಲ.

ಅದೇ ಜೂನಿನಲ್ಲಿ ಬ್ಯೂಟ್ ನಗರದ ತಾಮ್ರದ ಗಣಿಯಲ್ಲಿ ಬೆಂಕಿ ಬಿದ್ದು 168 ಕಾರ್ಮಿಕರು ಸತ್ತರು. ಮುಷ್ಕರ ಹೂಡಿದ ಕಾರ್ಮಿಕರ ಪರವಾಗಿ, ರಾಜ್ಯವನ್ನೇ ಅಂಗೈಯಲ್ಲಿ ಹಿಡಿದಿದ್ದ ಅನಾಕೊಂಡಾ ತಾಮ್ರ ಕಂಪನಿಯ ವಿರುದ್ಧ ರಾಂಕಿನ್ ಮಾತನಾಡಿದರು. ಇಡೀ ರಾಜ್ಯಕ್ಕೆ ಒಂದೇ ಕ್ಷೇತ್ರವಿದ್ದುದನ್ನು ಮೊಂಟಾನಾ ಎರಡಾಗಿ ಒಡೆದಾಗ ಅವರ ಪಾಲಿಗೆ ಉಳಿದದ್ದು ಎದುರು ಪಕ್ಷದ ಬಲವುಳ್ಳ ಭಾಗ. 1918ರಲ್ಲಿ ಸೆನೆಟಿಗೆ ಸ್ಪರ್ಧಿಸಿ ಸೋತರು. ಅದಕ್ಕೂ ಮೊದಲು, 1918ರ ಜನವರಿ 10ರಂದು, ಮಹಿಳೆಯರ ಮತಹಕ್ಕಿನ ತಿದ್ದುಪಡಿಯ ಚರ್ಚೆಯನ್ನು ಪ್ರತಿನಿಧಿ ಸಭೆಯಲ್ಲಿ ಆರಂಭಿಸಿದವರು ಅವರೇ. ಅಂದು ತಿದ್ದುಪಡಿ 274ಕ್ಕೆ 136 ಮತಗಳಿಂದ ಗೆದ್ದಿತು. ಅವರ ಯುದ್ಧವಿರೋಧಿ ಮತದಿಂದ ಚಳವಳಿ ಮುಳುಗುವುದೆಂದವರ ಭವಿಷ್ಯವಾಣಿ ಒಂಬತ್ತು ತಿಂಗಳಲ್ಲೇ ಸುಳ್ಳಾಯಿತು. ಆದರೆ ಏಪ್ರಿಲಿನ ಆ ನಸುಕಿನಲ್ಲಿ ಅದು ಸುಳ್ಳಾಗುವುದೆಂದು ಅವರಿಗೆ ತಿಳಿದಿರಲಿಲ್ಲ.

ಇಪ್ಪತ್ತನಾಲ್ಕು ವರ್ಷಗಳ ನಂತರ ಅದೇ ಪರೀಕ್ಷೆ ಇನ್ನೂ ಕಠಿಣವಾಗಿ ಮರಳಿ ಬಂದಿತು. 1940ರಲ್ಲಿ ಯುದ್ಧವಿರೋಧದ ವೇದಿಕೆಯ ಮೇಲೆಯೇ ಅವರು ಮತ್ತೆ ಆಯ್ಕೆಯಾಗಿದ್ದರು. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ; ಸುಮಾರು 2,400 ಅಮೆರಿಕನ್ನರ ಸಾವು. ಮರುದಿನ ಅಧ್ಯಕ್ಷ ರೂಸ್‌ವೆಲ್ಟ್ ಮಾತನಾಡಿ ಹೊರಟ ಸ್ವಲ್ಪ ಹೊತ್ತಿಗೇ ಮತದಾನ. ರಾಂಕಿನ್ ಮಾತನಾಡಲು ಮತ್ತೆ ಮತ್ತೆ ಎದ್ದರು. ಸಭಾಧ್ಯಕ್ಷ ಸ್ಯಾಮ್ ರೇಬರ್ನ್ ಅವಕಾಶ ಕೊಡಲಿಲ್ಲ. ಎವರೆಟ್ ಡರ್ಕ್‌ಸನ್ ಮೊದಲಾದವರು, ಕನಿಷ್ಠ ತಟಸ್ಥರಾಗಿರಿ ಎಂದು ಬೇಡಿಕೊಂಡರು. ಸೆನೆಟಿನಲ್ಲಿ 82ಕ್ಕೆ ಸೊನ್ನೆ. ಪ್ರತಿನಿಧಿ ಸಭೆಯಲ್ಲಿ 388ಕ್ಕೆ 1. ಸಭಾಂಗಣದಿಂದ ಹೊರಬಂದ ಅವರನ್ನು ಜನ ಮುತ್ತಿಕೊಂಡಾಗ ಒಂದು ದೂರವಾಣಿ ಗೂಡನ್ನು ಹೊಕ್ಕು, ಪೊಲೀಸರನ್ನು ಕರೆದು, ಅವರ ಕಾವಲಿನಲ್ಲಿ ಕಚೇರಿ ಸೇರಿದರು. ಗಾಜಿನ ಬಾಗಿಲಿನ ಆ ಗೂಡಿನೊಳಗೆ ಮೈ ಹಿಡಿಮಾಡಿಕೊಂಡು ನಿಂತ ಅರವತ್ತೊಂದು ವರ್ಷದ ಹೆಂಗಸಿನ ಛಾಯಾಚಿತ್ರ ಉಳಿದುಬಂದಿದೆ. ಮೊಂಟಾನಾ ನೂರಕ್ಕೆ ನೂರು ನಿಮ್ಮ ವಿರುದ್ಧವಿದೆ ಎಂದು ತಮ್ಮನೇ ತಿಳಿಸಿದರು. ಅವರು ಮತ್ತೆ ಸ್ಪರ್ಧಿಸಲಿಲ್ಲ.

ಈ ಎರಡನೆಯ ಮತವನ್ನು ಕಣ್ಣುಮುಚ್ಚಿ ಹೊಗಳುವುದು ಪ್ರಾಮಾಣಿಕವಾಗದು. ದಾಳಿಗೆ ಒಳಗಾದ ದೇಶ, ಎದುರಿಗೆ ಮಿಲಿಟರಿ ಜಪಾನು, ಅದರ ಬೆನ್ನಿಗೆ ಹಿಟ್ಲರ್; ಇಲ್ಲಿ ‘ಬೇಡ’ ಎನ್ನುವುದರ ಆಚೆ ಅವರು ತೋರಿಸಬಹುದಾಗಿದ್ದ ದಾರಿ ಯಾವುದು? ಒಂದು ವರ್ಷದ ನಂತರ ಸಭೆಯ ದಾಖಲೆಗೆ ಸೇರಿಸಿದ ಹೇಳಿಕೆಯಲ್ಲಿ ಅವರು ರೂಸ್‌ವೆಲ್ಟ್ ಆಡಳಿತವೇ ಜಪಾನನ್ನು ಕೆಣಕಿತೇ ಎಂಬ ಶಂಕೆಯನ್ನು ಎತ್ತಿದರು. ಅವರ ನಿಲುವಿಗೆ ಅದು ಬಲ ತರಲಿಲ್ಲ. ವಾದ ದುರ್ಬಲ, ನಿಲುವು ಅಚಲ: ರಾಂಕಿನ್ ಅವರ 1941 ಹೀಗೆ. ಧೈರ್ಯವೂ ಸರಿತನವೂ ಒಂದೇ ಅಲ್ಲವೆಂಬುದನ್ನು ಒಪ್ಪಿಕೊಂಡವರೇ ಅವರನ್ನು ಸರಿಯಾಗಿ ಓದಬಲ್ಲರು. ಕ್ಯಾನ್ಸಸ್ ರಾಜ್ಯದ ‘ಎಂಪೋರಿಯಾ ಗೆಜೆಟ್’ ಸಂಪಾದಕ ವಿಲಿಯಂ ಆಲೆನ್ ವೈಟ್ ಹಾಗೆ ಓದಿದರು. ಅವರ ಮತವನ್ನು ಪೂರ್ತಿ ಅಲ್ಲಗಳೆಯುತ್ತಲೇ ಅದರ ಹಿಂದಿನ ಎದೆಗಾರಿಕೆಗೆ ತಲೆಬಾಗಿದರು. ಮುಂದೆ ರಾಂಕಿನ್ ಗಾಂಧೀಜಿಯವರ ಅಹಿಂಸಾಮಾರ್ಗವನ್ನು ಅರಿಯಲು ಹಲವು ಬಾರಿ ಭಾರತಕ್ಕೆ ಬಂದರು. 1968ರಲ್ಲಿ ಎಂಬತ್ತೇಳರ ವಯಸ್ಸಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ವಾಷಿಂಗ್ಟನ್ನಿನಲ್ಲಿ ಸಾವಿರಾರು ಹೆಂಗಸರ ಮುಂದೆ ನಡೆದರು.

ಕೆನಡಿಯವರ ಎಂಟು ಮಂದಿಯಲ್ಲಿ ಜಾರ್ಜ್ ನಾರಿಸ್ ಕೂಡ ಇದ್ದಾರೆ. ಅವರ ಅಧ್ಯಾಯದ ಒಂದು ಮುಖ್ಯ ಪ್ರಸಂಗ 1917ರ ಮಾರ್ಚಿನದು: ವ್ಯಾಪಾರಿ ಹಡಗುಗಳಿಗೆ ಆಯುಧ ಒದಗಿಸುವ ಮಸೂದೆಗೆ ಅವರು ಒಡ್ಡಿದ ತಡೆ. ರಾಂಕಿನ್ ಅವರ ಮತ ಅದರ ಮರು ತಿಂಗಳಿನದೇ. ಕೆನಡಿ ಅವರನ್ನು ಮರೆತಿರಲಿಲ್ಲ. 1958ರಲ್ಲಿ ‘ಮೆಕ್‌ಕಾಲ್ಸ್’ ಎಂಬ ಮಹಿಳಾ ಪತ್ರಿಕೆಗೆ ಮೂವರು ಧೀರ ಮಹಿಳೆಯರನ್ನು ಕುರಿತು ಬರೆದರು. ರಾಂಕಿನ್ ಅವರ ಜೊತೆಗೆ ಅಲ್ಲಿ ವಸಾಹತು ಕಾಲದ ಧರ್ಮಚಿಂತಕಿ ಆ್ಯನ್ ಹಚಿನ್‌ಸನ್, ಕಪ್ಪು ಬಾಲಕಿಯರಿಗೆ ಶಾಲೆ ತೆರೆದ ಪ್ರೂಡೆನ್ಸ್ ಕ್ರ್ಯಾಂಡಲ್ ಇದ್ದಾರೆ. ಮೆಚ್ಚುಗೆಯೇನೋ ನಿಜ. ಆದರೆ ಶಾಸನಕಾರರ ಕಪಾಟಿನಲ್ಲಿ ಇರಬೇಕಾದ ಹೆಸರು ಮಹಿಳೆಯರ ಕಪಾಟಿಗೆ ಹೋಯಿತು.

ಮೇನ್ ರಾಜ್ಯದ ಮಾರ್ಗರೆಟ್ ಚೇಸ್ ಸ್ಮಿತ್ ಅವರ ಕಥೆ ಹೆಚ್ಚು ಪರಿಚಿತ, ಚಿಕ್ಕದಾಗಿ ಹೇಳಬಹುದು. 1950ರ ಫೆಬ್ರವರಿಯಲ್ಲಿ ಜೋಸೆಫ್ ಮೆಕಾರ್ಥಿ ಸರಕಾರದೊಳಗೆ ಕಮ್ಯುನಿಸ್ಟರಿದ್ದಾರೆಂಬ ಆರೋಪಗಳ ಸುರಿಮಳೆ ಆರಂಭಿಸಿದರು. ಸೆನೆಟಿನಲ್ಲಿ ಆಗ ಇದ್ದ ಏಕೈಕ ಮಹಿಳೆ ಸ್ಮಿತ್, ಅವರದೇ ಪಕ್ಷದವರು, ಮೊದಲ ಅವಧಿಯ ಸದಸ್ಯೆ. ಜೂನ್ 1ರಂದು ಎದ್ದುನಿಂತು, ಮೆಕಾರ್ಥಿಯವರ ಹೆಸರನ್ನೆತ್ತದೆಯೇ, ಟೀಕಿಸುವ ಹಕ್ಕು, ಜನಪ್ರಿಯವಲ್ಲದ ನಂಬಿಕೆಯ ಹಕ್ಕು ಇವು ಅಮೆರಿಕದ ತಳಹದಿಯೆಂದು ನೆನಪಿಸಿದರು. ಜೊತೆಗೆ ಸಹಿ ಹಾಕಿದವರು ಆರು ಮಂದಿ. ಸ್ನೋವೈಟ್ ಮತ್ತು ಆರು ಕುಳ್ಳರೆಂದು ಮೆಕಾರ್ಥಿ ಗೇಲಿ ಮಾಡಿದರು; ಮುಂದೆ ಅವರನ್ನು ತನಿಖಾ ಉಪಸಮಿತಿಯಿಂದ ತೆಗೆದು ಅಲ್ಲಿ ರಿಚರ್ಡ್ ನಿಕ್ಸನ್‌ರನ್ನು ಕೂರಿಸಿದರು. ಸ್ಮಿತ್ ಶಾಂತಿವಾದಿಯಲ್ಲ. 1961ರಲ್ಲಿ ಅಣ್ವಸ್ತ್ರದ ವಿಷಯದಲ್ಲಿ ಕೆನಡಿ ಅಳುಕುತ್ತಿದ್ದಾರೆಂದು ಆಕ್ಷೇಪಿಸಿದವರೂ ಅವರೇ. ರಾಂಕಿನ್ ಮತ್ತು ಸ್ಮಿತ್ ಒಂದೇ ಪಕ್ಷದವರಾದರೂ ಯುದ್ಧದ ಪ್ರಶ್ನೆಯಲ್ಲಿ ಉತ್ತರ ದಕ್ಷಿಣ.

1954ರ ಡಿಸೆಂಬರ್ 2ರಂದು ಸೆನೆಟ್ 67ಕ್ಕೆ 22 ಮತಗಳಿಂದ ಮೆಕಾರ್ಥಿಯವರನ್ನು ಖಂಡಿಸಿತು. ಆ ಮತಪಟ್ಟಿಯಲ್ಲಿ ಕೆನಡಿಯವರ ನಿಲುವು ದಾಖಲಾಗಿಲ್ಲ. ಅವರು ಆಸ್ಪತ್ರೆಯಲ್ಲಿದ್ದರು, ಕಾರಣ ನಿಜವಾದದ್ದೇ. ಆದರೆ ತಮ್ಮ ನಿಲುವನ್ನು ಬರೆಯಿಸಿ ದಾಖಲಿಸುವ ದಾರಿ ತೆರೆದೇ ಇತ್ತು. ಧೈರ್ಯದ ಮೇಲಿನ ಗ್ರಂಥ ರೂಪುಗೊಂಡದ್ದು ಅದೇ ಅಸ್ವಸ್ಥತೆಯ ತಿಂಗಳುಗಳಲ್ಲಿ. ಇದನ್ನು ನೆನೆದು ಅಂದಿನವರು ನಕ್ಕರು. ನಗುವಿಗಿಂತ ಗಮನಿಸಬೇಕಾದದ್ದು, ಧೈರ್ಯವನ್ನು ಬರೆಯುವವನಿಗೆ ಅದು ಎದುರಿಗಿದ್ದಾಗ ಕಾಣಿಸದೆ, ನೂರು ವರ್ಷ ಹಳೆಯದಾದ ಮೇಲೆ ಸ್ಪಷ್ಟವಾಗುವ ಪರಿ.

ಬ್ರೂಕ್ಲಿನ್ನಿನ ಶರ್ಲಿ ಚಿಸಮ್ 1968ರಲ್ಲಿ ಆಯ್ಕೆಯಾದ ಮೊದಲ ಕಪ್ಪು ಮಹಿಳಾ ಪ್ರತಿನಿಧಿ. ದಟ್ಟ ನಗರದ ಈ ಸದಸ್ಯೆಯನ್ನು ಸಭೆ ಕೃಷಿ ಸಮಿತಿಗೆ ಹಾಕಿತು! ಹೊಸಬರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕೆಂಬ ಪದ್ಧತಿಯನ್ನು ಒಪ್ಪದೆ ಪ್ರತಿಭಟಿಸಿ ಬೇರೆ ಸಮಿತಿಗೆ ಬದಲಾಯಿಸಿಕೊಂಡರು. 1972ರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗೆ ಸ್ಪರ್ಧಿಸುತ್ತಿದ್ದಾಗ, ವರ್ಣಭೇದದ ಪ್ರತಿಪಾದಕರೆಂದು ಹೆಸರಾದ ಪ್ರತಿಸ್ಪರ್ಧಿ ಜಾರ್ಜ್ ವಾಲೇಸ್ ಅವರಿಗೆ ಗುಂಡೇಟು ಬಿದ್ದಿತು. ಚಿಸಮ್ ಆಸ್ಪತ್ರೆಗೆ ಹೋಗಿ ಅವರನ್ನು ಕಂಡರು. ಅವರ ಬೆಂಬಲಿಗರು ಕೆರಳಿದರು; ಇಲ್ಲಿಯೂ ಒತ್ತಡ ಸ್ವಜನರದೇ. ಮನೆಗೆಲಸದವರಿಗೂ ಕನಿಷ್ಠ ವೇತನ ಸಿಗಬೇಕೆಂಬ ಮಸೂದೆಗೆ ದಕ್ಷಿಣದ ಸದಸ್ಯರ ಮತ ಬೇಕಾದಾಗ ವಾಲೇಸ್ ನೆರವಾದರು.

ಚಿಸಮ್ ಅವರ ಆ ಚುನಾವಣೆಯಲ್ಲಿ ದುಡಿದವರಲ್ಲಿ ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನ ವಿದ್ಯಾರ್ಥಿನಿ ಬಾರ್ಬರಾ ಲೀ ಒಬ್ಬರು. ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದೂ ಚಿಸಮ್ ಅವರ ಮಾತಿನ ಮೇಲೆ. 2001ರ ಸೆಪ್ಟೆಂಬರ್ 14ರಂದು, ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೂರನೆಯ ದಿನ, ಅಧ್ಯಕ್ಷರಿಗೆ ಸೇನಾಬಲ ಬಳಸುವ ಅಧಿಕಾರ ನೀಡುವ ನಿರ್ಣಯ ಬಂದಾಗ ಸೆನೆಟಿನಲ್ಲಿ 98ಕ್ಕೆ ಸೊನ್ನೆ, ಪ್ರತಿನಿಧಿ ಸಭೆಯಲ್ಲಿ 420ಕ್ಕೆ 1. ಆ ಒಂದು ಮತ ಲೀ ಅವರದು. ಶತ್ರು ಯಾರು, ಎಲ್ಲಿ, ಎಷ್ಟು ಕಾಲ ಎಂಬ ಮಿತಿಯಿಲ್ಲದ ಅಧಿಕಾರವಿದು ಎಂಬುದು ಅವರ ಆಕ್ಷೇಪ. ಕೊಲೆಬೆದರಿಕೆಗಳು ಬಂದವು, ಪೊಲೀಸ್ ಕಾವಲು ಬೇಕಾಯಿತು. ಅದೇ ನಿರ್ಣಯವನ್ನು ಮುಂದಿನ ಅಧ್ಯಕ್ಷರುಗಳು ಅಫ್ಘಾನಿಸ್ತಾನದಿಂದ ಬಹುದೂರದ ದೇಶಗಳ ಕಾರ್ಯಾಚರಣೆಗಳಿಗೂ ಆಧಾರವಾಗಿ ತೋರಿಸಿದರು.

ಲೀ ಅವರನ್ನು ಟೀಕಿಸುವವರು ಒಂದು ಮಾತು ಹೇಳುವುದುಂಟು: ಓಕ್‌ಲ್ಯಾಂಡ್, ಬರ್ಕ್‌ಲಿಯಂಥ ಯುದ್ಧವಿರೋಧಿ ಊರುಗಳ ಪ್ರತಿನಿಧಿಗೆ ಹಾಗೆ ಮತ ಹಾಕುವುದರಲ್ಲಿ ಅಪಾಯವೇನಿತ್ತು? 2002ರಲ್ಲಿ ಭಾರಿ ಅಂತರದಿಂದ ಗೆದ್ದರಲ್ಲ! ಕೆನಡಿಯವರ ಲಕ್ಷಣದ ಪ್ರಕಾರ ಈ ಆಕ್ಷೇಪ ಸರಿ. ಮತದಾರರನ್ನು ಎದುರು ಹಾಕಿಕೊಳ್ಳದವರು ಅಲ್ಲಿ ಧೀರರಲ್ಲ. ಅಂದರೆ ತಪ್ಪಿದ್ದು ಲಕ್ಷಣವೇ. ಅದು ಚುನಾವಣೆಯ ನಷ್ಟವೊಂದನ್ನೇ ಅಳೆಯುತ್ತದೆ. ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿಕೊಂಡು ಕಳೆದ ರಾತ್ರಿಗಳು ಆ ತಕ್ಕಡಿಯಲ್ಲಿ ತೂಗುವುದಿಲ್ಲ.

ಲಮಾರ್ ಅಧ್ಯಾಯಕ್ಕೆ ಒಂದು ಉತ್ತರಕಥೆಯಿದೆ. ಮಿಸಿಸಿಪಿಯ ಪುನಾರಚನೆಯ ಕಾಲದ ರಾಜ್ಯಪಾಲ ಅಡೆಲ್ಬರ್ಟ್ ಏಮ್ಸ್, ಹಿಂದೆ ರೆವೆಲ್ಸ್ ಅವರ ಜೊತೆಯಲ್ಲೇ ಆ ರಾಜ್ಯದ ಸೆನೆಟರ್ ಆಗಿದ್ದವರು. 1875ರ ಹಿಂಸಾಚಾರದ ನಂತರ ಅವರು ಪದವಿ ಬಿಟ್ಟು ಹೋಗಬೇಕಾಯಿತು. ಕೆನಡಿಯವರ ಗ್ರಂಥದಲ್ಲಿ ಅವರು ದುರಾಡಳಿತದ ಪ್ರತೀಕವಾಗಿ ಬರುತ್ತಾರೆ. ಅವರ ಮಗಳು ಬ್ಲಾಂಚ್ ಏಮ್ಸ್, ಮ್ಯಾಸಚೂಸೆಟ್ಸಿನ ಚಿತ್ರಕಲಾವಿದೆ, ಒಂದು ಕಾಲದಲ್ಲಿ ಮತಹಕ್ಕಿನ ಚಳವಳಿಗಾಗಿ ವ್ಯಂಗ್ಯಚಿತ್ರ ಬರೆದವರು. ಗ್ರಂಥವನ್ನೋದಿ, ತಿದ್ದಬೇಕೆಂದು ತಮ್ಮದೇ ರಾಜ್ಯದ ಸೆನೆಟರಿಗೆ ಪತ್ರ ಬರೆದರು. ಅವರು ಅಧ್ಯಕ್ಷರಾದ ಮೇಲೂ ಬರೆಯುವುದನ್ನು ಬಿಡಲಿಲ್ಲ. ಪತ್ರಗಳು ಎಷ್ಟಾದುವೆಂದರೆ, ಅಜ್ಜಿಯನ್ನು ಸ್ವಲ್ಪ ತಡೆಯಬಾರದೇ ಎಂದು ಕೆನಡಿ ಅವರ ಮೊಮ್ಮಗ, ಲೇಖಕ ಜಾರ್ಜ್ ಪ್ಲಿಂಪ್ಟನ್‌ರನ್ನು ಕೇಳಿದರಂತೆ. ಅಧ್ಯಾಯ ಬದಲಾಗಲಿಲ್ಲ. ಬ್ಲಾಂಚ್ ಏಮ್ಸ್ ತಾವೇ ಲೇಖನಿ ಹಿಡಿದು ತಂದೆಯ ಬೃಹತ್ ಜೀವನಚರಿತ್ರೆಯನ್ನು ಬರೆದರು. 1964ರಲ್ಲಿ ಅದು ಪ್ರಕಟವಾಗುವಾಗ ಅವರು ಎಂಬತ್ತೈದನ್ನು ದಾಟಿದ್ದರು. ಅದನ್ನು ಯಾರು ಓದಬೇಕೆಂದು ಅವರು ಬರೆಯತೊಡಗಿದ್ದರೋ ಆ ಓದುಗರು ಹಿಂದಿನ ನವೆಂಬರಿನಲ್ಲಿ ಡಲ್ಲಾಸಿನಲ್ಲಿ ಗುಂಡಿಗೆ ಬಲಿಯಾಗಿದ್ದರು.